ಅಲಿಯನ್ನ ಗೋಡೆಯಿಂದ ಕೆಳಗಿಳಿಸಿ ಸ್ವಾಮಿ!

ಮಹಮದ್ ಅಲಿ ತೀರಿಕೊಂಡಿದ್ದು 2016ರ ಜೂನ್ 3ಕ್ಕೆ. ಆದ್ರೆ ಪಾಪ, ಸತ್ತ ಮೇಲೂ ಆ ಮನುಷ್ಯನಿಗೆ ಒಂದು ದಿನ ರಜೆ ಸಿಕ್ಕಿಲ್ಲ ನೋಡಿ. ಬೆಳಗ್ಗೆ ಆರು ಗಂಟೆಗೇ ವಾಟ್ಸಾಪ್‌ನಲ್ಲಿ ಬಂದು ಶುಭೋದಯ ಹೇಳ್ತಾನೆ. ಒಂಬತ್ತಕ್ಕೆ ಜಿಮ್ಮಿನ ಗೋಡೆ ಮೇಲೆ ನಿಂತು ಬೆವರು ಸುರಿಸು ಅಂತಾನೆ. ಹತ್ತಕ್ಕೆ ನಮ್ಮಂಥ ಸಾಫ್ಟ್‌ವೇರ್ ಆಫೀಸುಗಳ ಕಾಫಿ ಮಷೀನ್ ಪಕ್ಕ ನಿಂತು ಇನ್ನೂ ಸ್ವಲ್ಪ ಜಾಸ್ತಿ ಕೆಲಸ ಮಾಡು ಅಂತಾನೆ. ರಾತ್ರಿ ಯಾರೋ ಒಬ್ಬ 'ಸಕ್ಸಸ್ ಕೋಚ್' ಯೂಟ್ಯೂಬಿನಲ್ಲಿ ಅವನನ್ನ ಮತ್ತೆ ಎಬ್ಬಿಸ್ತಾನೆ. ಇಷ್ಟು ಡ್ಯೂಟಿ ಅಲಿ ಬದುಕಿದ್ದಾಗಲೂ ಮಾಡಿರಲಿಲ್ಲ ಅನ್ಸುತ್ತೆ!

ನನಗೆ ಈ ಪೋಸ್ಟರ್ ಅಲಿ ಮೇಲೆ ಸಿಟ್ಟಿದೆ. ಸಿಟ್ಟು ಅಲಿ ಮೇಲಲ್ಲ, ಪೋಸ್ಟರ್ ಅಂಟಿಸಿದವರ ಮೇಲೆ. ಯಾಕಂದ್ರೆ ಪ್ರಪಂಚದಲ್ಲಿ ತುಂಬಾ ದೊಡ್ಡ ದನಿಯಲ್ಲಿ "ಆಗಲ್ಲ" ಅಂದ ಒಬ್ಬ ಮನುಷ್ಯನನ್ನ ಹಿಡ್ಕೊಂಡು ಬಂದು, ನಮಗೆಲ್ಲ "ಆಗಲಿ ಸಾರ್" ಅನ್ನೋದನ್ನ ಕಲಿಸೋಕೆ ಬಳಸ್ತಿದ್ದಾರೆ. ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆಯಾ?

ಮೊದಲು ಒಂದು ಸಣ್ಣ ವಿಷಯ. "ಅಸಾಧ್ಯ ಅನ್ನೋದು ಬರೀ ಒಂದು ಪದ" ಅನ್ನೋ ಧಾಟಿಯ ಒಂದು ಉದ್ದನೆಯ ಡೈಲಾಗ್ ಅಲಿಯ ಹೆಸರಲ್ಲಿ ಓಡಾಡುತ್ತೆ, ನೀವೆಲ್ಲ ನೋಡಿರ್ತೀರಿ. ಅದು ಅಲಿ ಹೇಳಿದ್ದಲ್ಲ ಕಣ್ರೀ. 2004ರಲ್ಲಿ ಅಡಿಡಾಸ್ ಜಾಹೀರಾತಿಗೆ ಅಂತ ಜಾಹೀರಾತು ಕಂಪನಿಯವರು ಬರೆದ ಸಾಲುಗಳು ಅವು. ಜಾಹೀರಾತಿನಲ್ಲಿ ಅಲಿ ಇದ್ದ, ಅಷ್ಟೇ. ಆ ಚಿಟ್ಟೆ ಮತ್ತು ಜೇನ್ನೊಣದ ಪ್ರಸಿದ್ಧ ಮಾತಿದೆಯಲ್ಲ, ಅದನ್ನ ಕಟ್ಟಿಕೊಟ್ಟಿದ್ದು ಅವನ ಜೊತೆಗಿದ್ದ ಡ್ರೂ ಬುಂಡಿನಿ ಬ್ರೌನ್. ಅಂದ್ರೆ, ಶೂ ಮಾರೋಕೆ ಬರೆದ ಸಾಲು ನಮ್ಮ ಗೋಡೆ ಮೇಲಿದೆ. ಜೈಲಿಗೆ ಹೋದರೂ ಸರಿ ಅಂತ ಅವನೇ ಆಡಿದ ಮಾತು ಮಾತ್ರ ಯಾವ ಗೋಡೆ ಮೇಲೂ ಇಲ್ಲ!

ಸರಿ, ಗೋಡೆ ಮೇಲಿಲ್ಲದ ಆ ಕಥೆ ಏನು?

ಕ್ಯಾಸಿಯಸ್ ಮಾರ್ಸೆಲಸ್ ಕ್ಲೇ ಅಂತ ಅವನ ಹುಟ್ಟು ಹೆಸರು. ಹುಟ್ಟಿದ್ದು 1942ರ ಜನವರಿ 17, ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಹನ್ನೆರಡನೇ ವಯಸ್ಸಿನಲ್ಲಿ ಅವನ ಸೈಕಲ್ ಕಳುವಾಯ್ತು. ಕದ್ದವನಿಗೆ ನಾಲ್ಕು ಬಾರಿಸ್ತೀನಿ ಅಂತ ಅಳ್ತಾ ದೂರು ಕೊಡೋಕೆ ಹೋದವನಿಗೆ ಜೋ ಮಾರ್ಟಿನ್ ಅನ್ನೋ ಪೊಲೀಸಿನವನು, ಮೊದಲು ಬಾರಿಸೋದು ಕಲಿ ಬಾ ಅಂತ ಕರೆದ. ಆರು ವರ್ಷಕ್ಕೆ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ, ಲೈಟ್ ಹೆವಿವೇಟ್ ಚಿನ್ನ. 1964ರ ಫೆಬ್ರವರಿ 25ರಂದು ಮಯಾಮಿಯಲ್ಲಿ ಸನ್ನಿ ಲಿಸ್ಟನ್ ಅನ್ನೋ ಭೀಮಕಾಯನನ್ನ ಸೋಲಿಸಿ ವಿಶ್ವ ಹೆವಿವೇಟ್ ಚಾಂಪಿಯನ್. ವಯಸ್ಸು ಬರೀ 22! ಇಲ್ಲಿಗೆ ಪೋಸ್ಟರಿನವರ ಕಥೆ ಮುಗಿಯುತ್ತೆ. ಹುಡುಗ ಕಷ್ಟಪಟ್ಟ, ಗೆದ್ದ, ಚಪ್ಪಾಳೆ.

ಆದ್ರೆ ನಿಜವಾದ ಕಥೆ ಶುರುವಾಗೋದೇ ಇಲ್ಲಿಂದ.

ಗೆದ್ದ ಮಾರನೇ ದಿನವೇ ನೇಷನ್ ಆಫ್ ಇಸ್ಲಾಂ ಸೇರಿದ್ದನ್ನ ಬಹಿರಂಗವಾಗಿ ಹೇಳ್ದ. ಕೆಲವೇ ದಿನಗಳಲ್ಲಿ ಹೆಸರು ಬದಲಾಯ್ತು. ಹಳೇ ಹೆಸರು ಗುಲಾಮಗಿರಿಯ ಹೆಸರು, ನನಗೆ ಬೇಡ ಅಂದ. ಪತ್ರಿಕೆಗಳವರು ವರ್ಷಗಟ್ಟಲೆ ಹೊಸ ಹೆಸರು ಬರೆಯೋಕೆ ಒಪ್ಪಲಿಲ್ಲ. ಹೆಸರಿನಲ್ಲೇನಿದೆ ಅಂತೀರಾ? ಊರಿನ ಯಜಮಾನನ ಬಾಯಲ್ಲಿ ತನ್ನ ಅಪ್ಪನ ಹೆಸರು ಅರ್ಧಂಬರ್ಧವಾಗಿ, ತುಚ್ಛವಾಗಿ ಬರೋದನ್ನ ಕೇಳಿ ಬೆಳೆದವರನ್ನ ಕೇಳಿ ನೋಡಿ, ಹೇಳ್ತಾರೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ಅಂಥವರನ್ನ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಆಮೇಲೆ ವಿಯೆಟ್ನಾಂ. 1964ರಲ್ಲಿ ಸೇನೆಯ ಲಿಖಿತ ಪರೀಕ್ಷೆಯಲ್ಲಿ ಅವನು ಫೇಲ್, ಆದ್ದರಿಂದ ಬೇಡ ಅಂದಿದ್ರು. 1966ರಲ್ಲಿ ಯುದ್ಧಕ್ಕೆ ಜನ ಸಾಲದೆ ಪಾಸ್ ಮಾರ್ಕ್ಸ್ ಇಳಿಸಿದ್ರು, ಈಗ ನೀನು ಬೇಕು ಅಂದ್ರು. ವಿಯೆಟ್ ಕಾಂಗ್ ಜೊತೆ ನನಗ್ಯಾವ ಜಗಳವೂ ಇಲ್ಲ ಅಂದುಬಿಟ್ಟ ಅಲಿ. 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೇನಾ ಭರ್ತಿ. ಹೆಸರು ಕೂಗಿದಾಗ ಒಂದು ಹೆಜ್ಜೆ ಮುಂದಿಡಬೇಕು, ಅದೇ ಒಪ್ಪಿಗೆ. ಅವನು ಇಡಲಿಲ್ಲ. ಅಷ್ಟೇ. ಒಂದು ಹೆಜ್ಜೆ ಇಡದೇ ಇದ್ದಿದ್ದು. ಅವನ ಜೀವನದ ಅತಿ ದೊಡ್ಡ ಪಂದ್ಯದಲ್ಲಿ ಅವನು ಕೈ ಎತ್ತಲೇ ಇಲ್ಲ, ಸುಮ್ಮನೆ ನಿಂತಿದ್ದ.

ಅವತ್ತೇ, ಕೋರ್ಟು ಕಟ್ಟೆ ಏನೂ ಆಗೋ ಮೊದಲೇ, ನ್ಯೂಯಾರ್ಕ್‌ನ ಬಾಕ್ಸಿಂಗ್ ಆಯೋಗ ಅವನ ಲೈಸೆನ್ಸ್ ಕಿತ್ತುಕೊಂಡು ಚಾಂಪಿಯನ್ ಪಟ್ಟವನ್ನೂ ಕಿತ್ತುಕೊಂಡಿತು. ಉಳಿದ ಆಯೋಗಗಳೂ ಹಿಂದೆಯೇ ಬಂದವು. ಜೂನ್ 20ಕ್ಕೆ ಐದು ವರ್ಷ ಜೈಲು, ಹತ್ತು ಸಾವಿರ ಡಾಲರ್ ದಂಡ ಅಂತ ತೀರ್ಪು. ಮೇಲ್ಮನವಿ ಹಾಕಿ ಹೊರಗಿದ್ದ, ಆದ್ರೆ ಪಾಸ್‌ಪೋರ್ಟ್ ಇಲ್ಲ, ಹೊರದೇಶಕ್ಕೆ ಹೋಗಿ ಆಡೋಹಾಗೂ ಇಲ್ಲ. ಕಾಲೇಜುಗಳಲ್ಲಿ ಭಾಷಣ ಮಾಡಿಕೊಂಡು ಸಂಸಾರ ನಡೆಸಿದ. ಮತ್ತೆ ರಿಂಗಿಗೆ ಬಂದಿದ್ದು 1970ರ ಅಕ್ಟೋಬರ್ 26ಕ್ಕೆ, ಅಟ್ಲಾಂಟಾದಲ್ಲಿ. ಹೆಚ್ಚುಕಡಿಮೆ ಮೂರೂವರೆ ವರ್ಷ. 25ರಿಂದ 28ರವರೆಗೆ, ಬಾಕ್ಸರ್ ಒಬ್ಬನ ದೇಹ ಅತ್ಯುತ್ತಮವಾಗಿರೋ ವರ್ಷಗಳು. ನಾನೀಗ ಅದೇ ವಯಸ್ಸಿನ ಅಕ್ಕಪಕ್ಕ ಇದ್ದೀನಿ. ರೆಸ್ಯೂಮೆಯಲ್ಲಿ ಮೂರು ತಿಂಗಳು ಗ್ಯಾಪ್ ಇದ್ದರೆ ಇಂಟರ್ವ್ಯೂನಲ್ಲಿ ಬೆವರೋ ಜಾತಿ ನಮ್ಮದು. ಮೂರೂವರೆ ವರ್ಷ!

1971ರ ಜೂನ್ 28ರಂದು ಅಲ್ಲಿನ ಸುಪ್ರೀಂ ಕೋರ್ಟ್ 8-0ಯಿಂದ ಅವನ ಶಿಕ್ಷೆ ರದ್ದು ಮಾಡಿತು. ಕಾರಣ ಏನು ಗೊತ್ತಾ? ಯುದ್ಧಕ್ಕೆ ನನ್ನ ಮನಸ್ಸಾಕ್ಷಿ ಒಪ್ಪಲ್ಲ ಅಂತ ಅವನು ಕೊಟ್ಟಿದ್ದ ಅರ್ಜಿಯನ್ನ ತಿರಸ್ಕರಿಸಿದ ಮಂಡಳಿ, ಯಾಕೆ ತಿರಸ್ಕರಿಸಿದ್ದು ಅಂತ ಹೇಳಿರಲೇ ಇಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಎರರ್ ಮೆಸೇಜೇ ಇಲ್ಲದೆ ರಿಜೆಕ್ಟ್ ಮಾಡಿದ್ರು :) ಗೆದ್ದ ಸರಿ, ಆದ್ರೆ ಹೋದ ವರ್ಷಗಳನ್ನ ಯಾವ ಕೋರ್ಟು ವಾಪಸ್ ಕೊಡುತ್ತೆ?

"ಸ್ವಲ್ಪ ತಗ್ಗಿ ಬಗ್ಗಿ ನಡೆದಿದ್ರೆ ಏನಾಗ್ತಿತ್ತು?" ಅಂತ ಕೇಳೋರಿದ್ದಾರೆ. ತಗ್ಗಿ ಬಗ್ಗಿ ನಡೆದವನ ಕಥೆಯೂ ಇದೆ, ಕೇಳಿ. ಜೋ ಲೂಯಿಸ್. ಅಲಿಗಿಂತ ಹಿಂದಿನ ತಲೆಮಾರಿನ ಹೆವಿವೇಟ್ ಚಾಂಪಿಯನ್. ಎರಡನೇ ಮಹಾಯುದ್ಧದಲ್ಲಿ ಸೇನೆ ಸೇರಿದ, ಸೈನಿಕರಿಗೆ ಪ್ರದರ್ಶನ ಪಂದ್ಯ ಆಡಿದ, 1942ರಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನ ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟ. ಇಡೀ ದೇಶ ಹೊಗಳಿತು. ಆಮೇಲೆ ಅದೇ ದೇಶದ ತೆರಿಗೆ ಇಲಾಖೆ ವರ್ಷಗಟ್ಟಲೆ ಅವನ ಬೆನ್ನು ಹತ್ತಿತು. ತೆರಿಗೆ ಸಾಲ ತೀರಿಸೋಕೆ ವಯಸ್ಸಾದ ಮೇಲೂ ಹೊಡೆತ ತಿಂದ, ಕುಸ್ತಿ ಆಡಿದ. ಕೊನೆಗೆ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್ ಅನ್ನೋ ಕ್ಯಾಸಿನೊದಲ್ಲಿ ಬಂದವರಿಗೆ ಕೈಕುಲುಕಿ ಸ್ವಾಗತಿಸೋ ಕೆಲಸ. ವಿಧೇಯ ಚಾಂಪಿಯನ್‌ಗೆ ಸಿಕ್ಕ ಇನ್‌ಕ್ರಿಮೆಂಟ್ ಇದು! ಹೆಜ್ಜೆ ಮುಂದಿಟ್ಟವನೂ ಬೆಲೆ ತೆತ್ತ, ಇಡದವನೂ ತೆತ್ತ. ಎರಡನೆಯವನು ತೆತ್ತಿದ್ದಕ್ಕೆ ಅವನಿಗೆ ಅವನೇ ಉಳಿದ, ಅಷ್ಟೇ ವ್ಯತ್ಯಾಸ.

ಈಗ ನಮ್ಮ ಆಫೀಸಿನ ಒಂದು ಟ್ರೇನಿಂಗ್ ವಿಷಯ. (ಯಾವ ಕಂಪನಿ ಅಂತ ಕೇಳಬೇಡಿ, ಎಲ್ಲಾ ಕಂಪನಿಯೂ ಅದೇ.) ರಿಲೀಸ್ ಹತ್ತಿರ ಬಂದಿತ್ತು, ಮೂರು ಶನಿವಾರ ಆಗಲೇ ಹೋಗಿತ್ತು. ಆಗ ಒಬ್ಬರು ಮೇಡಂ ಬಂದು ಸ್ಲೈಡ್ ಹಾಕಿದ್ರು. ಸ್ಲೈಡಿನಲ್ಲಿ ನಮ್ಮ ಅಲಿ, ಕೆಳಗೆ ಬಿದ್ದ ಲಿಸ್ಟನ್ ಮೇಲೆ ಗುಡುಗ್ತಾ ಇರೋ ಆ ಫೋಟೋ. ನಮ್ಮ ಟೀಮಿನಲ್ಲೂ ಇಂಥ ಕಿಚ್ಚಿರಬೇಕು, ದಣಿವು ಅನ್ನೋದು ಮನಸ್ಸಿನಲ್ಲಿರೋದು ಅಂದ್ರು. ನಾನು ಕೇಳ್ದೆ, "ಮೇಡಂ, ಅವನು ಆಗಲ್ಲ ಅಂದ ದಿನದ ಸ್ಲೈಡ್ ಇದೆಯಾ?" ನಾಲ್ಕು ಜನ ನಕ್ಕರು. ಮೇಡಂ ನಗಲಿಲ್ಲ. "ಪಾಲಿಟಿಕ್ಸ್ ಬೇಡ, ಸ್ಪಿರಿಟ್ ತಗೊಳ್ಳೋಣ" ಅಂದ್ರು. ಪಕ್ಕದಲ್ಲಿದ್ದ ಗೆಳೆಯ ಮೆಲ್ಲಗೆ, "ಸುಮ್ನಿರೋ ಮಗಾ, ಅಪ್ರೈಸಲ್ ಇದೆ" ಅಂದ.

ಪಾಲಿಟಿಕ್ಸ್ ಬೇಡ, ಸ್ಪಿರಿಟ್ ಬೇಕು! ಮಾವಿನಹಣ್ಣು ಬೇಡ, ವಾಸನೆ ಮಾತ್ರ ಕೊಡಿ ಅಂದ ಹಾಗೆ. ಅಲಿಯಿಂದ ಅವನ 'ಆಗಲ್ಲ' ತೆಗೆದುಬಿಟ್ರೆ ಉಳಿಯೋದು ಏನ್ರೀ? ಚೆನ್ನಾಗಿ ಹೊಡೆಯೋ, ಚೆನ್ನಾಗಿ ಮಾತಾಡೋ ಒಬ್ಬ ಎತ್ತರದ ಮನುಷ್ಯ. ಅಂಥವರು ನಮ್ಮ ಕೋಲಾರದ ಬಸ್ ಸ್ಟ್ಯಾಂಡಿನಲ್ಲೂ ಸಿಗ್ತಾರೆ.

ಇನ್ನೊಂದು ವಿಷಯಕ್ಕೆ ಬರ್ತೀನಿ. ನಮ್ಮೂರು ನರಸಾಪುರ. ಹೊಸಕೋಟೆ ದಾಟಿ ಕೋಲಾರಕ್ಕೆ ಹೋಗೋ ಹೆದ್ದಾರಿಯಲ್ಲಿ ಸಿಗುತ್ತೆ. ಕೆರೆ ಬತ್ತಿದ, ಬೋರ್‌ವೆಲ್ ಆಳಕ್ಕಿಳಿದ, ರಾಗಿ, ಟೊಮ್ಯಾಟೊ, ರೇಷ್ಮೆ ಅಂತ ಬದುಕುತ್ತಿದ್ದ ಸೀಮೆ. ಕೈಗಾರಿಕಾ ಪ್ರದೇಶ ಬಂತು, 2013ರಲ್ಲಿ ಹೋಂಡಾ ಬೈಕ್ ಫ್ಯಾಕ್ಟರಿ ಶುರುವಾಯ್ತು, ಆಮೇಲೆ ಐಫೋನ್ ಜೋಡಿಸೋ ವಿಸ್ಟ್ರಾನ್ ಬಂತು. 2020ರ ಡಿಸೆಂಬರ್ 12ರ ಬೆಳಗ್ಗೆ ಅಲ್ಲಿ ಏನಾಯ್ತು ಅಂತ ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಗಾಜು ಒಡೆದಿದ್ದು, ಕಾರು ಮಗುಚಿದ್ದು ದಿನವಿಡೀ ಓಡಿತು. ನೂರಕ್ಕೂ ಹೆಚ್ಚು ಜನರನ್ನ ಪೊಲೀಸರು ಹಿಡಿದರು. ಹೇಳಿದ್ದು ಒಂದು ಸಂಬಳ, ಕೊಟ್ಟಿದ್ದು ಇನ್ನೊಂದು, ಹನ್ನೆರಡು ಗಂಟೆ ಶಿಫ್ಟು ಅನ್ನೋದು ಕಾರ್ಮಿಕರ ದೂರಾಗಿತ್ತು. ಎಂಜಿನಿಯರಿಂಗ್ ಓದಿದವರಿಗೆ 21,000 ರೂಪಾಯಿ ಅಂತ ಹೇಳಿ ಅದಕ್ಕಿಂತ ಎಷ್ಟೋ ಕಡಿಮೆ ಕೊಟ್ಟರು ಅಂತ ಆಗ ಪತ್ರಿಕೆಗಳಲ್ಲಿ ಬಂತು. ಒಂದು ವಾರದ ಮೇಲೆ ಕಂಪನಿಯೇ ಕೆಲವರಿಗೆ ಸಂಬಳ ಸರಿಯಾಗಿ, ಹೊತ್ತಿಗೆ ಹೋಗಿಲ್ಲ ಅಂತ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ತಿದ್ದ ಉಪಾಧ್ಯಕ್ಷನನ್ನ ತೆಗೆದು ಹಾಕಿತು. ಆಪಲ್ ಕಂಪನಿ ವಿಸ್ಟ್ರಾನ್‌ಗೆ ಹೊಸ ಆರ್ಡರ್ ಕೊಡೋದನ್ನ ತಡೆಹಿಡಿಯಿತು. 2023ರಲ್ಲಿ ಆ ಫ್ಯಾಕ್ಟರಿ ಟಾಟಾದವರ ಕೈಗೆ ಬಂತು.

ಗಾಜು ಒಡೆದಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಅಲಿ ಒಂದು ಲೋಟವನ್ನೂ ಒಡೆಯಲಿಲ್ಲ, ಆ ವ್ಯತ್ಯಾಸ ನನಗೆ ಗೊತ್ತು. ನನ್ನ ತಕರಾರು ಬೇರೆ. ಅವತ್ತು ನನ್ನ ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮಾತುಗಳನ್ನ ನೋಡಬೇಕಿತ್ತು ನೀವು. "ಹಳ್ಳಿ ಗಮಾರರು, ಕೆಲಸ ಕೊಟ್ಟವರ ಕೈ ಕಚ್ಚಿದ್ರು", "ಇಂಥವರಿಂದಲೇ ಕಂಪನಿಗಳು ಚೆನ್ನೈಗೆ ಹೋಗೋದು", "ಎಲ್ಲರನ್ನೂ ಒಳಗೆ ಹಾಕಿ." ಗಲಾಟೆ ಮಾಡಿದವರಿಗೆ ಮಾತ್ರ ಅಂದಿದ್ರೆ ಬೇರೆ ಮಾತು. ಸಂಬಳ ಕೇಳಿದವರು, ಕೇಳದವರು, ಅವತ್ತು ರಜೆಯಲ್ಲಿದ್ದವರು, ಎಲ್ಲರೂ ಒಂದೇ ಲೆಕ್ಕ. ಸಂಬಳದ ಲೆಕ್ಕ ಏನು ಅಂತ ಕೇಳಿದವರು ಇಡೀ ಗ್ರೂಪಿನಲ್ಲಿ ಇಬ್ಬರೋ ಮೂವರೋ. ಹೀಗೆ ಬೈದವರಲ್ಲಿ ಒಬ್ಬನ ಡಿಪಿಯಲ್ಲಿ ಯಾರಿದ್ದ ಹೇಳಿ? ಹೌದು, ಅವನೇ. ಅಲಿ!

1967ರಲ್ಲಿ ಅಮೆರಿಕದ ಬಹುಪಾಲು ಜನ ಅಲಿಗೆ ಹೇಳಿದ್ದೂ ಇದೇ ಮಾತು. ಅನ್ನ ಕೊಟ್ಟ ದೇಶಕ್ಕೆ ದ್ರೋಹ, ಕೃತಘ್ನ, ಒಳಗೆ ಹಾಕಿ. ಐವತ್ತು ವರ್ಷ ಹಳೆಯದಾದ, ಏಳು ಸಮುದ್ರದ ಆಚೆಯ 'ಆಗಲ್ಲ'ಕ್ಕೆ ಚಪ್ಪಾಳೆ ಹೊಡೆಯೋದು ಸುಲಭ. ನಮ್ಮೂರ ಹೆದ್ದಾರಿ ಪಕ್ಕದ 'ಆಗಲ್ಲ' ಕೇಳಿದ್ರೆ ಮಾತ್ರ ನಮಗೆ ಕಿವಿ ಉರಿಯುತ್ತೆ.

ಮತ್ತೆ ಇದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ 1930ರಲ್ಲಿ ಕಾರ್ಮಿಕರ ಬೆರಳಚ್ಚು ತಗೊಳ್ಳೋ ನಿಯಮ ತಂದಾಗ, ನಾವೇನು ಕಳ್ಳರಾ ಅಂತ ಗಣಿಯವರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದ್ರು. ಪಾತಾಳಕ್ಕಿಳಿದು ದುಡಿಯೋ ಕೂಲಿಯವರು, ಎದುರಿಗೆ ಬ್ರಿಟಿಷ್ ಕಂಪನಿ. ಅವರ ಪೋಸ್ಟರ್ ನಿಮ್ಮ ಯಾವುದಾದ್ರೂ ಆಫೀಸಿನಲ್ಲಿ ಇದೆಯಾ? ಅವರನ್ನ ಹೀರೋ ಮಾಡಿ ಶೂ ಮಾರೋಕೆ ಆಗಲ್ಲ, ಅದಕ್ಕೆ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯವರಿಗೂ ಎರಡು ಮಾತು ಹೇಳದಿದ್ರೆ ಅನ್ಯಾಯ. ಅಲಿಯನ್ನ ದೇವರು ಮಾಡಿರೋ ಕ್ರಾಂತಿಕಾರಿ ಮಿತ್ರರೇ, ನಿಮಗೆ. ನಿಮ್ಮದೂ ಪೋಸ್ಟರೇ, ಬಣ್ಣ ಮಾತ್ರ ಬೇರೆ.

ಜೋ ಫ್ರೇಜರ್ ಕಥೆ ಗೊತ್ತಲ್ಲ? ಅಲಿಗೆ ಲೈಸೆನ್ಸ್ ಇಲ್ಲದ ದಿನಗಳಲ್ಲಿ ಅವನ ಪರ ಮಾತಾಡಿದವನು, ದುಡ್ಡು ಕೊಟ್ಟು ನೆರವಾದವನು ಫ್ರೇಜರ್. ಬಡ ಕೂಲಿ ಕುಟುಂಬದಿಂದ ಬಂದ ಕಪ್ಪು ಮನುಷ್ಯ. ಅವನನ್ನ ಅಲಿ ಬಿಳಿಯರ ಗುಲಾಮ ಅಂದ. 1975ರ ಮನಿಲಾ ಪಂದ್ಯಕ್ಕೆ ಮೊದಲು ಗೊರಿಲ್ಲಾ ಅಂತ ಕರೆದು, ಗೊರಿಲ್ಲಾ ಗೊಂಬೆ ಹಿಡಿದು ಗುದ್ದಿ ನಗಿಸಿದ. ಟಿಕೆಟ್ ಮಾರೋಕೆ ಅಂತೆ. ಫ್ರೇಜರ್‌ನ ಮಕ್ಕಳು ಸ್ಕೂಲಿಗೆ ಹೋಗ್ತಿದ್ರು ಸ್ವಾಮಿ. 2001ರಲ್ಲಿ ಅಲಿ ಪತ್ರಿಕೆಯ ಮೂಲಕ ಕ್ಷಮೆ ಕೇಳಿದ, 2011ರಲ್ಲಿ ಫ್ರೇಜರ್ ಅಂತ್ಯಕ್ರಿಯೆಗೂ ಹೋಗಿದ್ದ. ಆದ್ರೂ ಆ ಗೊಂಬೆ ಮರೆಯೋಂಥದ್ದಲ್ಲ. 1974ರ ಕಿನ್ಶಾಸಾ ಪಂದ್ಯಕ್ಕೆ ದುಡ್ಡು ಸುರಿದಿದ್ದು ಮೊಬುಟು ಅನ್ನೋ ಸರ್ವಾಧಿಕಾರಿ. ಮನಿಲಾದಲ್ಲಿ ಆತಿಥ್ಯ ಮಾರ್ಕೋಸ್ ಅನ್ನೋ ಇನ್ನೊಬ್ಬನದು. ಇದನ್ನೆಲ್ಲ ಬಿಟ್ಟು ಹಾಡಿ ಹೊಗಳಿದ್ರೆ ಅದು ಭಜನೆ ಆಗುತ್ತೆ, ಜೀವನ ಚರಿತ್ರೆ ಆಗಲ್ಲ.

ಇನ್ನೂ ಒಂದಿದೆ, ಇದು ನಮ್ಮ ದೇಶಕ್ಕೂ ಸಂಬಂಧಪಟ್ಟಿದ್ದು. 1980ರ ಜನವರಿಯಲ್ಲಿ ಅಲಿ ಭಾರತಕ್ಕೆ ಬಂದಿದ್ದ. ಇಲ್ಲಿದ್ದಾಗಲೇ ಅಧ್ಯಕ್ಷ ಕಾರ್ಟರ್ ಕಡೆಯಿಂದ ಕರೆ. ಸೋವಿಯತ್‌ನವರು ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಾರೆ, ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿ ಅಂತ ಆಫ್ರಿಕಾದ ದೇಶಗಳಿಗೆ ಹೋಗಿ ಹೇಳಪ್ಪಾ ಅಂತ. 1967ರಲ್ಲಿ ಸರ್ಕಾರದ ಮಾತಿಗೆ ಒಂದು ಹೆಜ್ಜೆ ಇಡದವನು ಈಗ ಸರ್ಕಾರದ ವಿಮಾನ ಹತ್ತಿ ಹೊರಟ. ತಾಂಜಾನಿಯಾದ ನೈರೇರೆ ಅವನನ್ನ ಭೇಟಿಯಾಗೋಕೇ ಒಪ್ಪಲಿಲ್ಲ. 1976ರಲ್ಲಿ ನಾವು ವರ್ಣಭೇದದ ವಿರುದ್ಧ ಒಲಿಂಪಿಕ್ಸ್ ಬಹಿಷ್ಕರಿಸಿದಾಗ ನಿಮ್ಮ ಅಮೆರಿಕ ಎಲ್ಲಿತ್ತು ಅಂತ ಅಲ್ಲಿಯವರು ಕೇಳಿದ್ರು, ಅಲಿಯ ಹತ್ತಿರ ಉತ್ತರ ಇರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಮಾತು ಆಗಲೇ ತೊದಲ್ತಿದ್ದಾಗ, ಲ್ಯಾರಿ ಹೋಮ್ಸ್ ಎದುರು ಮತ್ತೆ ರಿಂಗಿಗಿಳಿಸಿ ಹತ್ತು ಸುತ್ತು ಹೊಡೆತ ತಿನ್ನಿಸಿದ್ರು. ಅವನ ವೈದ್ಯ ಫರ್ಡಿ ಪಚೇಕೊ 1977ರಲ್ಲೇ ಸಾಕು ನಿಲ್ಲಿಸು ಅಂತ ಹೇಳಿ, ಯಾರೂ ಕೇಳದೆ, ಬಿಟ್ಟು ಹೋಗಿದ್ದ. 1984ರಲ್ಲಿ ಪಾರ್ಕಿನ್ಸನ್ಸ್ ಅಂತ ಗೊತ್ತಾಯ್ತು. ಸರ್ಕಾರಕ್ಕೆ ಆಗಲ್ಲ ಅಂದವನಿಗೆ ತನ್ನ ಜನಪ್ರಿಯತೆಗೆ, ಸುತ್ತ ಇದ್ದ ದುಡ್ಡಿನವರಿಗೆ ಆಗಲ್ಲ ಅನ್ನೋಕೆ ಆಗಲಿಲ್ಲ. ದಣಿವು ಮನಸ್ಸಿನಲ್ಲಿರೋದು ಅಂತ ಸ್ಲೈಡ್ ಹಾಕೋ ಮೇಡಂಗೆ ಹೇಳಿ, ಅಲಿಯ ದಣಿವು ಮಿದುಳಿನಲ್ಲಿತ್ತು.

ಆ ಭಾರತ ಪ್ರವಾಸದಲ್ಲೇ, ಜನವರಿ 27ಕ್ಕೆ, ದೆಹಲಿಯಲ್ಲಿ ಅಲಿಯ ಎದುರು ನಾಲ್ಕು ಸುತ್ತು ಪ್ರದರ್ಶನ ಪಂದ್ಯ ಆಡಿದವರು ಒಬ್ಬರಿದ್ದಾರೆ. ಹೆಸರು ಕೌರ್ ಸಿಂಗ್. ಪಂಜಾಬಿನ ಸಂಗ್ರೂರ್ ಜಿಲ್ಲೆಯ ರೈತ ಮನೆತನ, ಸೇನೆಯ ಸಿಪಾಯಿ. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಟ್ ಚಿನ್ನ, ಅದೇ ವರ್ಷ ಅರ್ಜುನ ಪ್ರಶಸ್ತಿ, 1983ರಲ್ಲಿ ಪದ್ಮಶ್ರೀ. ಆಮೇಲೆ? ಊರಿಗೆ ಹೋಗಿ ಹೊಲ ಉತ್ತರು. 2017ರಲ್ಲಿ ಹೃದಯದ ಚಿಕಿತ್ಸೆಗೆ ಸಾಲ ಮಾಡಿದ್ದಾರೆ ಅಂತ ಸುದ್ದಿಯಾಯ್ತು, ಆಗ ಸೇನೆ ನೆರವಿಗೆ ಬಂತು. 2023ರ ಏಪ್ರಿಲ್ 27ರಂದು ತೀರಿಕೊಂಡರು. ಅವತ್ತು ನನ್ನ ಫೋನಿಗೆ ಒಂದೇ ಒಂದು ಫಾರ್ವರ್ಡ್ ಬರಲಿಲ್ಲ. ಅಲಿಯ ಫೋಟೋ ಮಾತ್ರ ಬೆಳಗ್ಗೆ ಆರಕ್ಕೆ ಎಂದಿನಂತೆ ಬಂದಿತ್ತು!

"ಅಲಿಗೇನಪ್ಪಾ, ದುಡ್ಡಿತ್ತು, ಹೆಸರಿತ್ತು, ಆಗಲ್ಲ ಅಂದ. ನಮಗೆ ಇಎಂಐ ಇದೆ" ಅಂತ ನೀವು ಕಾಮೆಂಟ್ ಹಾಕೋದು ನನಗೆ ಈಗಲೇ ಕಾಣ್ತಾ ಇದೆ. ನ್ಯಾಯವಾದ ಮಾತು. ನನಗೂ ಇದೆ ಇಎಂಐ. ಅವನಿಗಿದ್ದ ದುಡ್ಡಿನ ದಾರಿಯನ್ನೇ ಅವತ್ತು ಮುಚ್ಚಿದ್ರು ಅನ್ನೋದನ್ನ ಮರೀಬೇಡಿ, ಅಷ್ಟೇ. ನೀವೆಲ್ಲ ನಾಳೆ ರಾಜೀನಾಮೆ ಬಿಸಾಕಿ ಬನ್ನಿ ಅಂತ ನಾನು ಹೇಳ್ತಿಲ್ಲ. ಅಲಿ ಆಗೋದು ನಿಮ್ಮಿಂದಲೂ ಆಗಲ್ಲ, ನನ್ನಿಂದಲೂ ಆಗಲ್ಲ. ನಾನು ಕೇಳೋದು ತೀರಾ ಸಣ್ಣದು, ಮೂರೇ ಮೂರು.

ಒಂದು, ಅಲಿಯ ಹೆಸರಲ್ಲಿ ಯಾರಾದ್ರೂ ನಿಮ್ಮನ್ನ ಶನಿವಾರ ದುಡಿಸೋಕೆ ಬಂದ್ರೆ, ಹ್ಯೂಸ್ಟನ್‌ನ ಕಥೆ ಗೊತ್ತಾ ಅಂತ ಒಂದು ಸಲ ಕೇಳಿ. ಅಪ್ರೈಸಲ್‌ನಲ್ಲಿ ಸ್ವಲ್ಪ ಹೋಗಬಹುದು, ಪಟ್ಟವಂತೂ ಹೋಗಲ್ಲ.

ಎರಡು, ನೀವು ಆಗಲ್ಲ ಅನ್ನದಿದ್ರೂ ಪರವಾಗಿಲ್ಲ, ಬೇರೆ ಯಾರೋ ಅಂದಾಗ ಕಲ್ಲು ಹೊಡೆಯೋರ ಗುಂಪಿಗೆ ಸೇರಬೇಡಿ. ಮೊದಲು ಯಾಕೆ ಅಂತ ಕೇಳಿ. ಆ ಮಂಡಳಿಯ ಥರ ಕಾರಣ ಹೇಳದೆ ರಿಜೆಕ್ಟ್ ಮಾಡಬೇಡಿ.

ಮೂರು, ನಾವು ಬರೆಯೋರು. ನಮ್ಮನ್ನ ಓದೋದು ಇನ್ನೂರೋ ಮುನ್ನೂರೋ ಜನ ಇರಬಹುದು, ಅದರಲ್ಲಿ ಅರ್ಧ ನಾವುನಾವೇ :) ಆದ್ರೂ ಒಬ್ಬರ ಬಗ್ಗೆ ಬರೆದರೆ ಪೂರ್ತಿ ಬರೆಯೋಣ. ಫ್ರೇಜರ್‌ಗೆ ಮಾಡಿದ ಅನ್ಯಾಯವೂ ಬರಲಿ, ಹ್ಯೂಸ್ಟನ್‌ನ ಹೆಜ್ಜೆಯೂ ಬರಲಿ. ಕೌರ್ ಸಿಂಗ್ ಅವರಂಥವರ ಬಗ್ಗೆ ಕನ್ನಡದಲ್ಲಿ ಒಂದು ಪುಟವಾದ್ರೂ ಇರಲಿ. ನಿಮ್ಮ ನಿಮ್ಮ ಊರಿನಲ್ಲಿ ಆಗಲ್ಲ ಅಂದು ಬೆಲೆ ತೆತ್ತವರು ಯಾರಾದ್ರೂ ಇದ್ರೆ, ಅವರ ಬಗ್ಗೆ ನೀವೇ ಬರೀರಿ. ಬರೆದು ಇಲ್ಲಿ ಕೆಳಗೆ ಲಿಂಕ್ ಹಾಕಿ, ನಾನು ಓದ್ತೀನಿ.

ಬೈಯೋದಿದ್ರೂ ಹಾಕಿ, ಡಿಲೀಟ್ ಮಾಡಲ್ಲ. ಕಾರಣ ಮಾತ್ರ ಬರೀರಿ!